ನವೆಂಬರ್, ಡಿಸೆಂಬರ್ ಇಲ್ಲದ ಹಾಳೆ

ರಟ್ಟಿನಜ್ಜನ ಕೈಗೆ ಬಿಡಿ ಕಾಗದ ಕೊಟ್ಟರೆ ಅದು ಹೆಚ್ಚು ದಿನ ಬಿಡಿಯಾಗಿ ಉಳಿಯುತ್ತಿರಲಿಲ್ಲ. ಐವತ್ತೊಂದು ವರ್ಷ ಪುಸ್ತಕ ಕಟ್ಟಿದ ಕೈ ಅದು. ಶಾಲೆಗಳ ಹಾಜರಿ ಪುಸ್ತಕ, ವಕೀಲರ ದಪ್ಪ ಸಂಪುಟ, ಯಾರದೋ ತಾತ ಬರೆದಿಟ್ಟ ಹಾಡುಗಳ ಕಟ್ಟು, ಎಲ್ಲವೂ ಆ ಕೈಯಲ್ಲಿ ದಾರ, ಅಂಟು, ರಟ್ಟು ಕಂಡು ಹೋಗಿದ್ದವು. ಅವನ ಓದು ಮೂರನೇ ತರಗತಿಗೇ ನಿಂತಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಬಲ್ಲವನು, ಅಷ್ಟೇ. ಆದರೆ ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅದು ಎಂಥ ಕಾಗದ, ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ.

ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಮೇಜಿನಲ್ಲಿ ಅರ್ಧ ಅಜ್ಜನದು, ಅರ್ಧ ಸೊಸೆಯದು. ಅಜ್ಜನ ಅರ್ಧದಲ್ಲಿ ಪುಸ್ತಕ ಬಿಗಿಸುವ ಹಲಗೆ, ಅಂಟಿನ ಡಬ್ಬಿ, ದಬ್ಬಳ. ಸೊಸೆಯ ಅರ್ಧದಲ್ಲಿ ಈರುಳ್ಳಿ, ಚಾಕು, ಬ್ರೆಡ್ಡಿನ ಬುಟ್ಟಿ. ಗಡಿ ಎಲ್ಲಿಯದು ಎಂಬ ಬಗ್ಗೆ ದಿನಕ್ಕೊಮ್ಮೆಯಾದರೂ ಮಾತಾಗುತ್ತಿತ್ತು.

"ಮಾವ, ನಿಮ್ಮ ಅಂಟು ನನ್ನ ಹಿಟ್ಟಿನ ಪಕ್ಕಕ್ಕೆ ಬಂದಿದೆ."

"ಅದೂ ಹಿಟ್ಟೇ ಕಣಮ್ಮ. ಹೆದರಬೇಡ."

"ನಾನು ಹೆದರ್ತಿಲ್ಲ. ಮೊನ್ನೆ ನಿಮ್ಮ ಮಗ ಅದನ್ನ ಗಂಜಿ ಅಂತ ಬಡಿಸ್ಕೊಳ್ಳೋಕೆ ಹೋಗಿದ್ರು."

ಮಗ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಬರುವಾಗ ಅಂಚು ಸೀದ ಬ್ರೆಡ್ಡೂ ಬರುತ್ತಿತ್ತು. ಆ ಮನೆಯಲ್ಲಿ ಸೀಯದ ಬ್ರೆಡ್ಡಿನ ರುಚಿ ಯಾರಿಗೂ ಅಷ್ಟಾಗಿ ನೆನಪಿರಲಿಲ್ಲ. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಜ್ಜಿ, ಅಂದರೆ ಅಜ್ಜನ ಹೆಂಡತಿ, ಅವನು ಕಟ್ಟುವ ಪುಸ್ತಕಗಳಿಗೆ ದಾರ ಹಾಕುವವಳು. ಮಡಿಚಿದ ಹಾಳೆಗಳನ್ನು ಬೆನ್ನಿನಲ್ಲಿ ಹೊಲಿಯುವ ಕೆಲಸ ಮೊದಲಿಂದಲೂ ಅವಳದೇ.

ಜನವರಿ ಕೊನೆಗೆ ಅಂಚೆಯಲ್ಲಿ ಎರಡು ಹಾಳೆ ಬಂದವು. ಹಿಂದಿನ ವರ್ಷದ ಮೇ ತಿಂಗಳವರೆಗೆ ಮನೆಯವರಿಗೆಲ್ಲ ಬೇಕರಿಯ ಕಡೆಯಿಂದಲೇ ಆರೋಗ್ಯ ವಿಮೆ ಇತ್ತು. ಆಮೇಲೆ ಬೇಕರಿ ಕೈ ಬದಲಾಯಿತು. ಹೊಸ ಯಜಮಾನ ವಿಮೆ ನಿಲ್ಲಿಸಿದ. ಜೂನ್‌ನಿಂದ ಸೊಸೆಯೇ ಓಡಾಡಿ ಸರ್ಕಾರದ ವಿಮಾ ಕಚೇರಿಯಲ್ಲಿ ವಿಮೆ ಮಾಡಿಸಿದ್ದಳು. ಕಂತಿನಲ್ಲಿ ಒಂದು ಪಾಲು ಮನೆಯವರದು, ಒಂದು ಪಾಲು ಸರ್ಕಾರದ ನೆರವು. ಆ ವರ್ಷ ಯಾರಿಗೆ ಯಾವ ತಿಂಗಳು ವಿಮೆ ಇತ್ತು ಎಂದು ತೋರಿಸುವ ಹಾಳೆಗಳು ಇವು: ಬೇಕರಿಯದು ಒಂದು, ಕಚೇರಿಯದು ಒಂದು. ಇವನ್ನು ನೋಡಿಕೊಂಡು ತೆರಿಗೆ ಫಾರಂ ತುಂಬಿ ಮಾರ್ಚ್ ಮುಗಿಯುವುದರೊಳಗೆ ಕಳಿಸಬೇಕು. ಕಳಿಸದಿದ್ದರೆ ಏಪ್ರಿಲ್‌ನಿಂದ ನೆರವು ನಿಲ್ಲುತ್ತದೆ. ನೆರವಿಲ್ಲದೆ ಕಂತು ಕಟ್ಟುವ ಶಕ್ತಿ ಆ ಮನೆಗೆ ಇರಲಿಲ್ಲ. ಅಜ್ಜಿಯ ಕಣ್ಣಿನ ಪೊರೆ ತೆಗೆಯಲು ಆಸ್ಪತ್ರೆಯವರು ಕೊಟ್ಟಿದ್ದ ದಿನ ಏಪ್ರಿಲ್ ಹನ್ನೊಂದು.

"ಮಾವ, ಇವನ್ನ ಜೋಪಾನವಾಗಿಡಿ," ಎಂದು ಸೊಸೆ ಹಾಳೆಗಳನ್ನು ಅಜ್ಜನ ಕೈಗೆ ಕೊಟ್ಟಳು. "ಹೋದ ಸಲ ಮೇಜಿನ ಮೇಲಿಟ್ಟು ಚಹಾ ಚೆಲ್ಲಿಸ್ಕೊಂಡಿದ್ದು ಸಾಕು."

ಅಜ್ಜನಿಗೆ ಜೋಪಾನ ಎಂದರೆ ಒಂದೇ ಅರ್ಥ. ಆ ಎರಡು ಹಾಳೆಯ ಜೊತೆ ವರ್ಷದ ಔಷಧಿ ಚೀಟಿ, ಬಾಡಿಗೆ ರಸೀದಿ, ನೀರಿನ ಬಿಲ್ಲು ಎಲ್ಲ ಸೇರಿಸಿದ. ಮಡಿಚಿ ಕಟ್ಟು ಮಾಡಿದ. ಅಜ್ಜಿ ಬೆನ್ನಿಗೆ ದಾರ ಹಾಕಿದಳು. ಇನ್ನು ಉಳಿದದ್ದು ಅಂಚು ಕತ್ತರಿಸಿ ಸಮ ಮಾಡುವುದು. ಆ ದಂಪತಿಯಲ್ಲಿ ಒಂದು ಪದ್ಧತಿಯಿತ್ತು. ಚಾಕು ಹಾಕುವ ಮುನ್ನ ಕಟ್ಟು ಅಜ್ಜಿಯ ಕೈಗೆ ಹೋಗಬೇಕು. ಅವಳು ಹಾಳೆ ಹಾಳೆ ತಿರುವಿ, ಅಕ್ಷರ ಎಲ್ಲೂ ಅಂಚಿಗೆ ತಾಗಿಲ್ಲವೆಂದು ನೋಡಿ "ಹೂಂ" ಎನ್ನಬೇಕು. ಆ "ಹೂಂ" ಕೇಳದೆ ಅಜ್ಜ ಚಾಕು ಮುಟ್ಟಿದವನಲ್ಲ.

ಅಜ್ಜಿ ತಿರುವಿದಳು. "ಹೂಂ," ಎಂದಳು.

ಅಜ್ಜ ಕಟ್ಟನ್ನು ಹಲಗೆಗಳ ನಡುವೆ ಬಿಗಿಸಿ, ಉದ್ದನೆ ಚಾಕುವಿನಿಂದ ಮೂರು ಬದಿಯೂ ಬೆಣ್ಣೆಯಂತೆ ಇಳಿಸಿದ. ನೀಲಿ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ಕಪಾಟಿನಲ್ಲಿಟ್ಟ. ಮಾಡಿದ ಕೆಲಸದ ಮೇಲೆ ಅವನಿಗೆ ಸಣ್ಣ ಸಂತೋಷವೇ ಆಗಿತ್ತು.

ಫೆಬ್ರವರಿಯ ಎರಡನೇ ಭಾನುವಾರ ಸೊಸೆ ಮೇಜಿನ ತನ್ನ ಅರ್ಧವನ್ನು ಒರೆಸಿ ತೆರಿಗೆ ಫಾರಂ ಹರಡಿಕೊಂಡು ಕೂತಳು.

"ಮಾವ, ಆ ಹಾಳೆಗಳು?"

ಅಜ್ಜ ನೀಲಿ ಪುಸ್ತಕ ತಂದು ಮುಂದಿಟ್ಟ. ಸೊಸೆ ಅದನ್ನೂ ನೋಡಿದಳು, ಮಾವನ ಮುಖವನ್ನೂ ನೋಡಿದಳು. ಪುಟ ತಿರುವಿದಳು. ನೀರಿನ ಬಿಲ್ಲು, ಔಷಧಿ ಚೀಟಿ, ಬೇಕರಿಯ ಹಾಳೆ ದಾಟಿ ಕಚೇರಿಯ ಹಾಳೆ ಬಂತು. ಅದರಲ್ಲಿ ತಿಂಗಳುಗಳು ಒಂದರ ಕೆಳಗೊಂದು ಇದ್ದವು. ಪ್ರತಿ ತಿಂಗಳ ಎದುರಿಗೂ ಮೂರು ಚೌಕಗಳಲ್ಲಿ ಅಂಕಿ. ಅವಳ ಬೆರಳು ಜೂನ್, ಜುಲೈ ಎಂದು ಇಳಿಯುತ್ತ ಅಕ್ಟೋಬರ್‌ಗೆ ಬಂದು, ಕಾಗದ ಮುಗಿದು ಮೇಜಿಗೆ ತಾಗಿತು.

"ನವೆಂಬರ್ ಎಲ್ಲಿ ಮಾವ?"

ಅಜ್ಜ ಬಗ್ಗಿ ನೋಡಿದ. ಕಚೇರಿಯ ಹಾಳೆ ಬೇರೆಲ್ಲವುಗಳಿಗಿಂತ ಉದ್ದ. ಅದರ ಕೆಳಗಿನ ಎರಡು ಬೆರಳಗಲ ಚಾಕುವಿಗೆ ಹೋಗಿತ್ತು. ನವೆಂಬರ್, ಡಿಸೆಂಬರ್, ಒಟ್ಟು ಮೊತ್ತ, ಮೂರೂ ಹೋಗಿದ್ದವು. ಇಷ್ಟು ವರ್ಷದಲ್ಲಿ ಅವನು ಒಂದು ಅಕ್ಷರವನ್ನೂ ಕತ್ತರಿಸಿದವನಲ್ಲ.

"ನಾನು ಜೋಪಾನವಾಗಿಡಿ ಅಂದೆ. ಕತ್ತರಿಸಿ ಅಂದೆನಾ?" ಸೊಸೆಯ ದನಿ ಏರಲಿಲ್ಲ. ಏರಿದ್ದರೆ ಅಜ್ಜನಿಗೆ ಸ್ವಲ್ಪ ಹಗುರವಾಗುತ್ತಿತ್ತು. "ಮನೇಲಿ ಒಂದು ಕಾಗದ ಕಾಗದವಾಗಿ ಇರೋ ಹಾಗಿಲ್ಲವಾ?"

ಮಧ್ಯಾಹ್ನ ಮಗ ಬಂದ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುರಿದ ಈರುಳ್ಳಿ ಇಟ್ಟುಕೊಂಡು ನಾಲ್ವರೂ ಊಟಕ್ಕೆ ಕೂತರು. ವಿಷಯ ತಿಳಿದ ಮೇಲೆ ಅವನು ಮೊಟ್ಟೆ ಸುಲಿಯುವುದನ್ನು ಬಿಟ್ಟ.

"ಅಪ್ಪ, ನಿನಗೆ ಏನಾಗಿತ್ತು? ಕಣ್ಣು ಕಾಣಲ್ವಾ?"

ಅಜ್ಜ ಬ್ರೆಡ್ಡಿನ ಸೀದ ಅಂಚನ್ನು ಬಿಡಿಸುತ್ತಿದ್ದ. "ತಪ್ಪಾಯ್ತು," ಎಂದ.

"ತಪ್ಪಾಯ್ತು ಅಂದರೆ ನವೆಂಬರ್ ಬರುತ್ತಾ? ಕತ್ತರಿಸಿದ ಚೂರು ಎಲ್ಲಿ?"

"ಗಾಜಿನ ಲೋಟದಂಗಡಿಗೆ ಕೊಟ್ಟೆ. ಯಾವಾಗಲೂ ಅವರಿಗೇ ಅಲ್ವಾ ಕೊಡೋದು. ಲೋಟ ಒಡೀದ ಹಾಗೆ ಡಬ್ಬಕ್ಕೆ ತುಂಬ್ತಾರೆ."

"ಭೇಷ್. ನಮ್ಮಮ್ಮನ ಕಣ್ಣು ಯಾರದೋ ಲೋಟದ ಜೊತೆ ಊರೂರು ಸುತ್ತುತ್ತಿದೆ."

"ಅವರನ್ನ ಬೈಬೇಡ ಕಣೋ," ಎಂದಳು ಅಜ್ಜಿ.

"ನೀನು ಸುಮ್ಮನಿರಮ್ಮ. ಇದು ನಿನಗೋಸ್ಕರಾನೇ."

"ಅದಕ್ಕೇ ಹೇಳ್ತಿದೀನಿ. ಹೂಂ ಅಂದವಳು ನಾನು."

ಯಾರಿಗೂ ಅರ್ಥವಾಗಲಿಲ್ಲ, ಅಜ್ಜನೊಬ್ಬನನ್ನು ಬಿಟ್ಟು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಚಾಕು ಹಾಕೋ ಮುಂಚೆ ನನ್ನ ಕೈಗೆ ಕೊಟ್ಟರು. ತಿರುವಿದೆ. ನನಗೆ ಕಂಡಿದ್ದು ಬರೀ ಹಾಲು. ಬಲಗಣ್ಣಲ್ಲಿ ದೀಪಾವಳಿ ಮುಂಚೆ... ಅಲ್ಲ, ಚಳಿ ಶುರುವಾದಾಗಿಂದ ಏನೂ ಇಲ್ಲ. ಎಡಗಣ್ಣಲ್ಲಿ ನೀವೆಲ್ಲ ಒಗೆದು ಹಾಕಿದ ಬಟ್ಟೆ ಥರ ಕಾಣ್ತೀರ. ಆದರೂ ಹೂಂ ಅಂದೆ."

"ಮತ್ತೆ ದಾರ ಹೆಂಗೆ ಹಾಕ್ತಿದ್ರಿ ಅತ್ತೆ?" ಸೊಸೆ ಕೇಳಿದಳು.

"ಬೆರಳಿಗೆ ಕಣ್ಣು ಬೇಕಾ? ಸೂಜಿಗೆ ದಾರ ಪೋಣಿಸೋದು ಮಾತ್ರ ಕಷ್ಟ. ಕೆಳಗಿನ ಮನೆ ಹುಡುಗಿ ಹತ್ರ ಒಂದೇ ಸಲಕ್ಕೆ ಇಪ್ಪತ್ತು ಸೂಜಿ ಪೋಣಿಸಿಟ್ಕೊಳ್ತೀನಿ."

"ನಮಗೆ ಹೇಳಬಾರದಿತ್ತಾ?"

"ಹೇಳಿದ್ರೆ ನನಗೆ ಉಳಿಯೋ ಕೆಲಸ ಏನೇ? ಕೂತ್ಕೊಂಡು ಬ್ರೆಡ್ ಎಣಿಸಬೇಕಿತ್ತು."

ಸೊಸೆ ಎದ್ದು ಮೊಟ್ಟೆ ಸುಲಿದು ಅತ್ತೆಯ ತಟ್ಟೆಗೆ ಹಾಕಿದಳು. ಇನ್ನೊಂದನ್ನು ಮಾವನ ತಟ್ಟೆಗೂ ಹಾಕಿದಳು. ಆ ಹೊತ್ತಿನಿಂದ ಕತ್ತರಿಸಿದ ಬಗ್ಗೆ ಅವಳು ಮಾತೆತ್ತಲಿಲ್ಲ. ಮಗ ಮಾತ್ರ ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಅಕ್ಟೋಬರ್‌ದೇ ಅಂಕಿ ನವೆಂಬರ್‌ಗೂ ಬರೆದುಬಿಡು. ಯಾವನು ನೋಡ್ತಾನೆ."

"ನೋಡೋಕೇ ಅಂತ ಸಂಬಳ ಕೊಟ್ಟು ಇಟ್ಕೊಂಡಿರ್ತಾರೆ ರೀ."

ಮರುದಿನ ಅಜ್ಜ ಲೋಟದಂಗಡಿಗೆ ಹೋದ. ಅಂಗಡಿಯ ಹೆಂಗಸು ಹಿಂದಿನ ಕೋಣೆ ತೆರೆದುಕೊಟ್ಟಳು. ಎದೆಮಟ್ಟದ ಎರಡು ಬುಟ್ಟಿ ಕಾಗದದ ಚೂರು. ಅಜ್ಜ ನೆಲಕ್ಕೆ ಕೂತು ಸಂಜೆಯವರೆಗೂ ಕೈಯಾಡಿಸಿದ. ಹಾಜರಿ ಪುಸ್ತಕದ ಅಂಚು ಸಿಕ್ಕಿತು, ನೀರಿನ ಬಿಲ್ಲಿನ ಅಂಚು ಸಿಕ್ಕಿತು. ಕಚೇರಿಯ ದಪ್ಪ ಕಾಗದ ಬೆರಳಿಗೆ ತಾಗಲೇ ಇಲ್ಲ. ಎದ್ದಾಗ ಮಂಡಿ ಹಿಡಿದುಕೊಂಡಿತ್ತು. ಅಂಗಡಿಯ ಹೆಂಗಸು, "ಏನು ಕಳ್ಕೊಂಡ್ರಿ ಅಜ್ಜ?" ಎಂದಳು. "ಎರಡು ತಿಂಗಳು," ಎಂದು ಹೇಳಿ ಮೆಟ್ಟಿಲಿಳಿದ.

ಬುಧವಾರ ಸೊಸೆಗೆ ಅರ್ಧ ದಿನ ರಜೆ. ಮಾವ ಸೊಸೆ ಇಬ್ಬರೂ ಬಸ್ಸಿನಲ್ಲಿ ವಿಮಾ ಕಚೇರಿಗೆ ಹೋದರು. ಮೂರನೇ ಕಿಟಕಿಯ ಮುಂದೆ ಹದಿನಾಲ್ಕು ಜನ. ಸರದಿ ಬಂದಾಗ ಅಜ್ಜ ನೀಲಿ ಪುಸ್ತಕವನ್ನು ಎರಡೂ ಕೈಯಿಂದ ಕಿಟಕಿಯೊಳಗೆ ಇಟ್ಟ. ಗುಮಾಸ್ತೆ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ನೋಡಿದಳು.

"ಇದೇನು, ಕಥೆ ಪುಸ್ತಕವಾ?"

"ಹಾಳೆ ಒಳಗಿದೆ ತಾಯಿ."

"ಬಿಡಿ ಹಾಳೆ ಬೇಕಲ್ಲ. ಪುಸ್ತಕ ಈ ಮಿಷನ್‌ಗೆ ಹೋಗಲ್ಲ."

"ಬಿಚ್ಚಬೋದು. ಐದು ನಿಮಿಷ ಕೊಡಿ."

ಅಜ್ಜ ಜೇಬಿನಿಂದ ಸಣ್ಣ ಚಾಕು ತೆಗೆದು, ನಿಂತಲ್ಲೇ ಬೆನ್ನಿನ ಬಟ್ಟೆ ಸೀಳಿ, ದಾರವನ್ನು ಒಂದೊಂದೇ ಗಂಟಿನಲ್ಲಿ ಕತ್ತರಿಸತೊಡಗಿದ. ಹಿಂದಿನ ಸಾಲು ಇಣುಕಿತು.

"ಅಜ್ಜ, ನನ್ನ ಮದುವೆ ಕಾಗದಾನೂ ಹಿಂಗೇ ಬಿಚ್ಚಿಕೊಡ್ತೀಯಾ?" ಎಂದನೊಬ್ಬ.

"ಕಟ್ಟಿದವರ ಹತ್ರಾನೇ ಹೋಗಪ್ಪ. ನಾನು ಬೇರೆಯವರ ಹೊಲಿಗೆ ಮುಟ್ಟಲ್ಲ."

ಸಾಲೆಲ್ಲ ನಕ್ಕಿತು. ಗುಮಾಸ್ತೆಯೂ ನಕ್ಕಳು. ಆ ನಗುವಿನಿಂದಾಗಿಯೇ ಅವಳು ಇವರಿಗೆ ಸ್ವಲ್ಪ ಹೆಚ್ಚೇ ಸಮಯ ಕೊಟ್ಟಳೆಂದು ಕಾಣುತ್ತದೆ. ಹಾಳೆಯ ಸಂಖ್ಯೆ ನೋಡಿ ಪರದೆಯ ಮೇಲೆ ಹುಡುಕಿದಳು.

"ಹೊಸ ಪ್ರತಿ ಅಂಚೇಲಿ ಬರೋಕೆ ಎಂಟು ವಾರ. ಅಷ್ಟರಲ್ಲಿ ನಿಮ್ಮ ಕೊನೇ ದಿನ ದಾಟುತ್ತೆ. ಆದರೆ ಈ ಹಾಳೆ ಫಾರಂ ಜೊತೆ ಕಳಿಸೋದಲ್ಲ, ನಿಮ್ಮ ಹತ್ರಾನೇ ಇರಬೇಕಾದ್ದು. ಫಾರಂನಲ್ಲಿ ಅಂಕಿ ಸರಿ ಇದ್ದರೆ ಆಯ್ತು. ಬರ್ಕೊಳ್ಳಿ."

ಅವಳು ಓದಿದಳು, ಸೊಸೆ ಬರೆದುಕೊಂಡಳು. ಅಕ್ಟೋಬರ್‌ನ ನೆರವೇ ಬೇರೆ, ನವೆಂಬರ್‌ನ ನೆರವೇ ಬೇರೆ.

"ಇದು ಯಾಕೆ ಕಡಿಮೆ ಆಯ್ತು ಮೇಡಂ?"

"ನಿಮ್ಮ ಸಂಬಳ ಏರಿದೆ ಅಂತ ನೀವೇ ತಿಳಿಸಿದೀರಲ್ಲ. ಅಷ್ಟರಮಟ್ಟಿಗೆ ನೆರವು ಇಳೀತು."

ಬಸ್ಸಿನಲ್ಲಿ ಸೊಸೆ ಚೀಟಿಯನ್ನು ಮತ್ತೆ ಮತ್ತೆ ನೋಡಿದಳು. "ನಿಮ್ಮ ಮಗನ ಮಾತು ಕೇಳಿದ್ರೆ ಸಿಕ್ಕಿಬೀಳ್ತಿದ್ವಿ ಮಾವ," ಎಂದಳು. ಮೊದಲ ಬಾರಿಗೆ ಅಜ್ಜನಿಗೆ ಆ ಹಾಳೆಯಲ್ಲಿ ಏನಿದೆ ಎಂದು ತಿಳಿಯುವ ಆಸೆಯಾಯಿತು. ಇಷ್ಟು ಕಾಲ ಅವನು ಕಾಗದ ಕಟ್ಟಿದ್ದನೇ ಹೊರತು ಅದರೊಳಗಿನದಕ್ಕೆ ತಲೆ ಹಾಕಿದವನಲ್ಲ.

"ನನಗೂ ಒಂಚೂರು ಹೇಳಮ್ಮ. ಏನು ಕೇಳುತ್ತೆ ಈ ಫಾರಂ?"

"ಜೂನ್‌ನಲ್ಲಿ ನಾವು, ಈ ವರ್ಷ ಇಷ್ಟು ದುಡೀತೀವಿ ಅಂತ ಅಂದಾಜು ಹೇಳಿದ್ವಿ. ಅದನ್ನ ನಂಬಿ ಸರ್ಕಾರ ಕಂತಿಗೆ ನೆರವು ಕೊಟ್ಟಿತು. ಈಗ ನಿಜವಾಗಿ ಎಷ್ಟು ದುಡಿದ್ವಿ ಅಂತ ತೋರಿಸಿ ತಾಳೆ ನೋಡಬೇಕು. ಹೆಚ್ಚು ಕೊಟ್ಟಿದ್ರೆ ವಾಪಸ್ಸು ಕೊಡಬೇಕು. ಕಡಿಮೆ ಕೊಟ್ಟಿದ್ರೆ ಅವರು ಕೊಡ್ತಾರೆ."

"ನ್ಯಾಯವಾಗೇ ಇದೆ."

"ನ್ಯಾಯವಾಗಿದೆ. ಅರ್ಥ ಆಗಲ್ಲ, ಅಷ್ಟೇ."

ಆಮೇಲಿನ ಎರಡು ವಾರ ಸೊಸೆ ಲಾಂಡ್ರಿಯಿಂದ ಬಂದು, ಅಡುಗೆ ಮುಗಿಸಿ, ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ಮೂರು ಸಲ ತುಂಬಿದಳು, ಮೂರು ಸಲ ಅಳಿಸಿದಳು. ಮೂರು ಸಲವೂ ಕೊನೆಯಲ್ಲಿ ಒಂದೇ ಉತ್ತರ: ಬಂದ ನೆರವಿನಲ್ಲಿ ಮುಕ್ಕಾಲು ಪಾಲು ವಾಪಸ್ಸು ಕೊಡಬೇಕು. ಮಗನ ಎರಡು ತಿಂಗಳ ಸಂಬಳಕ್ಕೂ ಮೀರಿದ ಮೊತ್ತ ಅದು.

"ನೀನು ಲೆಕ್ಕ ತಪ್ಪಿರ್ತೀಯ," ಎಂದ ಮಗ, ಸಾಬೂನು ಹಚ್ಚಿದ ಕೈಯನ್ನು ನಲ್ಲಿಗೆ ಹಿಡಿದುಕೊಂಡು.

"ಹಾಗಿದ್ರೆ ನೀವು ಕೂತ್ಕೊಳ್ಳಿ."

"ನನಗೆ ಹಿಟ್ಟು ತೂಗೋದು ಬರುತ್ತೆ. ಇದು ಬರಲ್ಲ."

"ಬರಲ್ಲ ಅಂದ್ಮೇಲೆ ತಪ್ಪು ಅಂತ ಹೇಳೋದು ಮಾತ್ರ ಹೆಂಗೆ ಬರುತ್ತೆ?"

ಪಕ್ಕದ ಕೋಣೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. "ನನ್ನ ಕಣ್ಣು ಬೇಡ, ಬಿಡ್ರೋ. ಇನ್ನು ನಾನು ನೋಡಬೇಕಾದ್ದು ಏನಿದೆ? ವಿಮೆ ಬಿಡಿಸಿ ಹಾಕಿ. ಆ ಹಾಳೆ ಬಂದಾಗಿಂದ ಈ ಮನೇಲಿ ಒಂದು ಊಟ ನೆಟ್ಟಗೆ ಆಗಿಲ್ಲ."

"ನೀವು ಹೋಗಿ ಮಲಗಿ ಅತ್ತೆ," ಎಂದಳು ಸೊಸೆ. "ನಿಮ್ಮನ್ನ ಕೇಳಿ ವಿಮೆ ಮಾಡಿಸಿರಲಿಲ್ಲ. ನಿಮ್ಮನ್ನ ಕೇಳಿ ಬಿಡೋದೂ ಇಲ್ಲ."

ಮಾರ್ಚ್ ಮೊದಲ ಭಾನುವಾರ ಅಜ್ಜ ಬೆಳಿಗ್ಗೆಯೇ ತನ್ನ ಹಲಗೆ, ಅಂಟು, ದಬ್ಬಳ ಎಲ್ಲ ಎತ್ತಿ ಕಪಾಟಿನ ಮೇಲಿಟ್ಟ. ಇಡೀ ಮೇಜು ಖಾಲಿಯಾಯಿತು. ಸೊಸೆ ಚಹಾ ಸೋಸುತ್ತಿದ್ದವಳು ತಿರುಗಿ ನೋಡಿದಳು.

"ಏನು ಮಾವ, ರಾಜ್ಯ ಬಿಟ್ಟುಕೊಟ್ರಾ?"

"ಇವತ್ತೊಂದು ದಿನಕ್ಕೆ. ಒಂದು ಖಾಲಿ ಫಾರಂ ಇದ್ರೆ ಕೊಡು."

ಅಜ್ಜ ಖಾಲಿ ಫಾರಂ ಹರಡಿ, ಅಕ್ಷರಕ್ಕೆ ಬೆರಳಿಟ್ಟು ಓದುತ್ತ ಹೋದ. ಒಂದು ಸಾಲಿಗೆ ಸೊಸೆ ಒಂದು ಲೋಟ ತೊಳೆದು ಮುಗಿಸುವಷ್ಟು ಹೊತ್ತು. ಎಲ್ಲಿ "ಇಂಥ ಸಾಲಿಗೆ ಹೋಗಿ" ಎಂದಿತ್ತೋ ಅಲ್ಲಿ ನಿಲ್ಲುತ್ತಿದ್ದ. ಆ ಸಾಲು ಸಿಕ್ಕ ಮೇಲೆ ಎರಡೂ ಸಾಲು ಒಂದನ್ನೊಂದು ಮುಟ್ಟುವಂತೆ ಕಾಗದ ಮಡಿಚುತ್ತಿದ್ದ.

"ಏನು ಮಾಡ್ತಿದೀರ?"

"ಛಾಪಖಾನೆಯಿಂದ ನಮಗೆ ಹಾಳೆ ಹೆಂಗೆ ಬರುತ್ತೆ ಗೊತ್ತಾ? ಒಂದೇ ದೊಡ್ಡ ಹಾಳೇಲಿ ಹದಿನಾರು ಪುಟ. ಒಂದನೇ ಪುಟದ ಪಕ್ಕ ಹದಿನಾರನೇದು, ಒಂದರ ತಲೆ ಮೇಲೆ ತಲೆಕೆಳಗಾಗಿ ಎಂಟನೇದು. ಮೇಲಿಂದ ಕೆಳಕ್ಕೆ ಓದಿದ್ರೆ ತಲೆ ಕೆಡುತ್ತೆ. ಮಡಿಚಬೇಕು. ಮಡಿಚಿದರೆ ಪುಟ ತಾನೇ ಸಾಲಿಗೆ ಬರುತ್ತೆ. ಇದೂ ಹಾಗೇ ಇರಬೇಕು ಅನಿಸ್ತು."

ಹತ್ತನೇ ಸಾಲಿಗೆ ಬಂದು ಅಜ್ಜ ತುಂಬ ಹೊತ್ತು ನಿಂತ. ಅಲ್ಲಿ ದಾರಿ ಎರಡಾಗಿತ್ತು. ಹನ್ನೆರಡು ತಿಂಗಳೂ ವಿಮೆ ಇದ್ದವರು ಹನ್ನೊಂದನೇ ಸಾಲಿಗೆ. ಇಲ್ಲದವರು ಅದನ್ನು ಬಿಟ್ಟು ಹನ್ನೆರಡಕ್ಕೆ.

"ನೀನು ಎಲ್ಲಿಗೆ ಹೋದೆ?"

"ಹನ್ನೊಂದಕ್ಕೆ. ನಮಗೆ ವರ್ಷವಿಡೀ ವಿಮೆ ಇತ್ತಲ್ಲ. ಮೊದಲು ಬೇಕರಿಯದು ಐದು ತಿಂಗಳು, ಆಮೇಲೆ ಕಚೇರಿಯದು ಏಳು ತಿಂಗಳು. ಒಂದು ದಿನಾನೂ ಬಿಟ್ಟಿಲ್ಲ."

ಅಜ್ಜ ಬಿಚ್ಚಿಟ್ಟಿದ್ದ ಎರಡು ಹಾಳೆಗಳನ್ನೂ ತಂದು ಒಂದೊಂದನ್ನು ಒಂದೊಂದು ಕೈಯಲ್ಲಿ ಉಜ್ಜಿದ.

"ಇದು ತೆಳ್ಳಗೆ. ಇದು ದಪ್ಪ. ಒಂದೇ ಛಾಪಖಾನೆಯದಲ್ಲ, ಒಂದೇ ಪುಸ್ತಕದ್ದೂ ಅಲ್ಲ. ಬೇಕರಿ ಹಾಳೇಲಿ ಬರೀ ಗುರುತು ಹಾಕಿದಾರೆ, ಅಂಕಿ ಇಲ್ಲ. ಅವರ ವಿಮೆಗೆ ಸರ್ಕಾರ ಏನಾದ್ರೂ ಕೊಟ್ಟಿತ್ತಾ?"

"ಇಲ್ಲ. ಅದು ಯಜಮಾನರೇ ಕೊಡ್ತಿದ್ದಿದ್ದು."

"ಮತ್ತೆ ಈ ಫಾರಂ ಕೇಳ್ತಿರೋದು ಸರ್ಕಾರ ಕೊಟ್ಟ ನೆರವಿನ ಬಗ್ಗೆ ಅಂದೆ. ಹಂಗಂದ್ರೆ ಹನ್ನೆರಡು ತಿಂಗಳೂ ಅಂದರೆ ಈ ದಪ್ಪ ಹಾಳೆಯ ಹನ್ನೆರಡು ತಿಂಗಳು ಇರಬೇಕಲ್ವಾ? ಒಂದು ಪುಸ್ತಕದ ಐದು ಪುಟ ತಂದು ಇನ್ನೊಂದಕ್ಕೆ ಹೊಲಿದ್ರೆ ಹೆಂಗಮ್ಮ?"

ಸೊಸೆ ಕೈಯೊರೆಸಿಕೊಂಡು ಬಂದು ಕೂತಳು. ಚಹಾ ಒಲೆಯ ಮೇಲೇ ಉಳಿಯಿತು. ಹನ್ನೊಂದನೇ ಸಾಲನ್ನು ನೋಡಿದಳು. ಅಲ್ಲಿ ಹನ್ನೆರಡು ತಿಂಗಳಿಗೆ ಮನೆಯವರು ಹಾಕಬೇಕಾದ ಪಾಲನ್ನು ಅವಳು ಏಳೇ ತಿಂಗಳ ಕಂತಿನಿಂದ ಕಳೆದಿದ್ದಳು. ಹಾಗೆ ಕಳೆದರೆ ಸರ್ಕಾರ ಕೊಡಬೇಕಾದ ನೆರವು ಇಷ್ಟೇ ಇಷ್ಟು ಎಂದು ಬರದೆ ಮತ್ತೇನು ಬರುತ್ತದೆ?

"ಅಯ್ಯೋ ಮಾವ," ಎಂದಳು ಮೆಲ್ಲಗೆ. "ತಿಂಗಳು ತಿಂಗಳು ಬೇರೆ ಬೇರೆ ಹಾಕಬೇಕು."

ಅವಳು ಜೂನ್‌ನಿಂದ ಶುರುಮಾಡಿದಳು. ಅಜ್ಜ ದಪ್ಪ ಹಾಳೆಯಿಂದ ಅಂಕಿ ಓದಿ ಹೇಳುತ್ತಿದ್ದ, ಒಂದೊಂದು ಅಂಕಿಯನ್ನೂ ಎರಡೆರಡು ಸಲ. ಅಕ್ಟೋಬರ್ ಆದ ಮೇಲೆ ಗುಮಾಸ್ತೆ ಹೇಳಿದ ಚೀಟಿ. ಮಧ್ಯಾಹ್ನ ಮಗ ಬಂದಾಗ ಅಡುಗೆ ಆಗಿರಲಿಲ್ಲ. ಅವನು ಬಾಯಿ ತೆರೆಯುವ ಮುಂಚೆ ಅಜ್ಜಿ, "ಶ್," ಎಂದಳು. ಅವಳು ಒಲೆಯ ಪಕ್ಕದ ಮಣೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮಗ ಚೀಲದಿಂದ ಬ್ರೆಡ್ಡು ತೆಗೆದು, ತಾನೇ ಕುಯ್ದು, ನಾಲ್ಕು ತಟ್ಟೆಗೆ ಹಾಕಿದ.

ಕೊನೆಯ ಸಾಲಿಗೆ ಬಂದಾಗ ಸೊಸೆ ಎರಡು ಸಲ ಕೂಡಿ, ಒಂದು ಸಲ ಕಳೆದಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟಳು.

"ಎಷ್ಟು ಕೊಡಬೇಕು?" ಎಂದ ಮಗ.

"ಕೊಡಬೇಕು. ಒಂದು ಜೊತೆ ಚಪ್ಪಲಿ ಬರುವಷ್ಟು."

"ಅಷ್ಟೇನಾ?"

"ಅಷ್ಟೇ. ಅದೂ ನಿಮ್ಮ ಚಪ್ಪಲಿ ಅಲ್ಲ, ನನ್ನದು."

ಮಗ ಒಮ್ಮೆ ಹೆಂಡತಿಯನ್ನು, ಒಮ್ಮೆ ಅಪ್ಪನನ್ನು ನೋಡಿದ. ಬುಟ್ಟಿಯಲ್ಲಿ ಸೀಯದ ಬ್ರೆಡ್ಡು ಒಂದೇ ಇತ್ತು. ಅದನ್ನು ತೆಗೆದು ಅಪ್ಪನ ತಟ್ಟೆಗೆ ಹಾಕಿ, ಅಪ್ಪನ ಸೀದ ಚೂರನ್ನು ತನ್ನ ತಟ್ಟೆಗೆ ಹಾಕಿಕೊಂಡ. ಆ ಮನೆಯ ಗಂಡಸರು ಕ್ಷಮೆ ಕೇಳಿದ್ದು ಅಷ್ಟರಲ್ಲೇ ಮುಗಿಯಿತು.

ಸೋಮವಾರ ಸೊಸೆ ಫಾರಂ ಅಂಚೆಗೆ ಹಾಕಿ ರಸೀದಿ ತಂದಳು. ಏಪ್ರಿಲ್ ಮೂರಕ್ಕೆ ಕಾಗದ ಬಂತು. ಫಾರಂ ಒಪ್ಪಿದ್ದೇವೆ, ನೆರವು ಮುಂದುವರಿಯುತ್ತದೆ ಎಂದು ಎರಡೇ ಸಾಲು. ಸೊಸೆ ಓದಿದಳು, ಆಮೇಲೆ ಅಜ್ಜನೂ ತಾನೇ ಒಮ್ಮೆ ಅಕ್ಷರ ಕೂಡಿಸಿಕೊಂಡು ಓದಿದ.

ಹನ್ನೊಂದರಂದು ಅಜ್ಜಿಯ ಬಲಗಣ್ಣಿನ ಪೊರೆ ತೆಗೆದರು. ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚುವಾಗ ಮನೆಯವರೆಲ್ಲ ಅಲ್ಲೇ ಇದ್ದರು; ಮಗ ಒಲೆಯನ್ನು ಯಾರಿಗೋ ಒಪ್ಪಿಸಿ ಬಂದಿದ್ದ. ದಾದಿ ಹತ್ತಿ ತೆಗೆದು, ಕಣ್ಣೊರೆಸಿ, "ನಿಧಾನವಾಗಿ ಬಿಡಿ," ಎಂದಳು. ಅಜ್ಜಿ ಕಣ್ಣು ಬಿಟ್ಟಳು. ಕಿಟಕಿ ನೋಡಿದಳು, ಗೋಡೆ ನೋಡಿದಳು. ಆಮೇಲೆ ಎದುರಿಗೆ ಬಗ್ಗಿ ನಿಂತಿದ್ದ ಸೊಸೆಯನ್ನು ನೋಡುತ್ತ ಉಳಿದುಬಿಟ್ಟಳು.

"ಏನತ್ತೆ? ಕಾಣ್ತಿದೆಯಾ?"

"ನಿನ್ನ ತಲೆ ಯಾವಾಗ ನೆರೀತೇ?"

ಸೊಸೆಯ ಕೈ ತಾನಾಗಿ ಕಿವಿಯ ಮೇಲಕ್ಕೆ ಹೋಯಿತು. "ಫೆಬ್ರವರಿಯಲ್ಲಿ, ಅತ್ತೆ."

ಮಗ ನಕ್ಕ. ಅಜ್ಜನೂ ನಕ್ಕ. ಅಜ್ಜಿ ನಗಲಿಲ್ಲ. ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಈ ಕಡೆಯೊಮ್ಮೆ, ಆ ಕಡೆಯೊಮ್ಮೆ, ಆತುರವಿಲ್ಲದೆ ನೋಡಿದಳು.

"ಒಪ್ಪುತ್ತೆ ಬಿಡು," ಎಂದಳು.